ಮಾಡಿದವರಿಲ್ಲದ ವಾಕ್ಯಗಳು: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ಆಸ್ಟ್ರೇಲಿಯಾದ ಸಾಹಿತ್ಯವನ್ನೂ ಅಲ್ಲಿನ ಮೂಲನಿವಾಸಿಗಳ ಚರಿತ್ರೆಯನ್ನೂ ಕುರಿತು ನೀವು ಕಳಿಸಿದ ಲೇಖನ ತಲುಪಿದೆ. ಕನ್ನಡದಲ್ಲಿ ಈ ವಿಷಯಕ್ಕೆ ಕೈಹಾಕುವವರು ಕಡಿಮೆ, ಆದ್ದರಿಂದ ನಿಮ್ಮ ಆಯ್ಕೆ ನನಗೆ ಮೆಚ್ಚುಗೆಯಾಯಿತು. ಮೂಲನಿವಾಸಿ ಕವಯಿತ್ರಿ ಊಡ್ಗೆರೂ ನೂನಕಲ್ ಅವರ 1964ರ ಕವನ ಸಂಕಲನದ ಬಗ್ಗೆ ಬರೆದ ಪುಟ ಚೆನ್ನಾಗಿದೆ, ಅದನ್ನು ತಿದ್ದಲು ಹೋಗಬೇಡಿ.

ಮೂರನೆಯ ಪುಟ ಓದುವಾಗ ಮಾತ್ರ ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಟ್ಟು ಸವಿಮಾತು ಬರೆದರೆ ನಿಮಗೇನೂ ಉಪಯೋಗವಿಲ್ಲ. ಅಲ್ಲಿ ನೀವು ಬರೆದಿರುವ ಮೂರು ವಾಕ್ಯಗಳು ಇವು: "1788ರಲ್ಲಿ ಆಂಗ್ಲರ ಆಗಮನವಾದ ಬಳಿಕ ಮೂಲನಿವಾಸಿಗಳು ಕ್ರಮೇಣ ನಶಿಸಿದರು. ಅವರ ಭೂಮಿ ಕೈತಪ್ಪಿತು. ಮಕ್ಕಳು ತಾಯಂದಿರಿಂದ ದೂರವಾದರು." ಮೂರರಲ್ಲಿಯೂ ಅನುಭವಿಸಿದವರು ಇದ್ದಾರೆ, ಮಾಡಿದವರಿಲ್ಲ. ನಮ್ಮ ಭಾಷೆಯಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ಕುಂಟುವುದಿಲ್ಲ, ಓದುಗರಿಗೆ ಏನೋ ಬಿಟ್ಟುಹೋಗಿದೆ ಎನಿಸುವುದೂ ಇಲ್ಲ. ಆದ್ದರಿಂದಲೇ ಇಲ್ಲಿ ಹೆಚ್ಚು ಎಚ್ಚರ ಬೇಕು.

'ನಶಿಸಿದರು' ಎಂಬುದನ್ನೇ ತೆಗೆದುಕೊಳ್ಳಿ. ಸಿಡುಬಿನಿಂದ ಸತ್ತವರು ಬಹಳ, ನಿಜ. ಆದರೆ 1838ರ ಜೂನ್ 10ರಂದು ನ್ಯೂ ಸೌತ್ ವೇಲ್ಸ್‌ನ ಮೈಯಲ್ ಕ್ರೀಕ್ ಎಂಬಲ್ಲಿ, ದನಗಾಹಿಗಳ ಗುಡಿಸಲಿನ ಪಕ್ಕದಲ್ಲಿ ನಂಬಿಕೆಯಿಂದ ಬೀಡುಬಿಟ್ಟಿದ್ದ ಕನಿಷ್ಠ 28 ಮಂದಿ ಮೂಲನಿವಾಸಿಗಳನ್ನು, ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು ಮತ್ತು ಮುದುಕರು, ಕುದುರೆಯೇರಿ ಬಂದ ವಸಾಹತುಗಾರರ ಗುಂಪೊಂದು ಕಟ್ಟಿ ಎಳೆದೊಯ್ದು ಕಡಿದು, ಆಮೇಲೆ ಹೆಣಗಳನ್ನು ಸುಟ್ಟಿತು. ಗುಡಿಸಲು ಕಾಯುತ್ತಿದ್ದ ಜಾರ್ಜ್ ಆಂಡರ್ಸನ್ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ. ಮೊದಲ ವಿಚಾರಣೆಯಲ್ಲಿ ಹನ್ನೊಂದು ಆರೋಪಿಗಳೂ ಬಿಡುಗಡೆಯಾದರು, ಎರಡನೆಯದರಲ್ಲಿ ಏಳು ಮಂದಿಗೆ ಗಲ್ಲಾಯಿತು. ಗುಂಪಿನ ಮುಂದಾಳು ಜಾನ್ ಫ್ಲೆಮಿಂಗ್ ಸಿಕ್ಕಿಬೀಳಲೇ ಇಲ್ಲ. ಇಷ್ಟೆಲ್ಲ ದಾಖಲೆಯಲ್ಲಿರುವಾಗ, ಬಿಸಿಲಿಗೆ ಇಬ್ಬನಿ ಆರಿದ ಹಾಗೆ ಜನ ತಾವಾಗಿ ಇಲ್ಲವಾದರೆಂದು ಬರೆಯಬಹುದೇ?

ಅದೇ ಪುಟದ ಕೆಳಗೆ "ಆ ಕಾಲದ ಲೇಖಕರಿಗೆ ಇದಾವುದೂ ತಿಳಿದಿರಲಿಲ್ಲ" ಎಂದಿದ್ದೀರಿ. ತಿಳಿದಿತ್ತು. ಅದೇ ವರ್ಷ ಐರ್ಲೆಂಡಿನಿಂದ ಬಂದಿಳಿದಿದ್ದ ಎಲೈಜಾ ಹ್ಯಾಮಿಲ್ಟನ್ ಡನ್‌ಲಪ್, ಆ ಹತ್ಯಾಕಾಂಡದಿಂದ ಮಗುವಿನೊಡನೆ ಪಾರಾದ ತಾಯಿಯ ಬಾಯಲ್ಲಿ ಒಂದು ಕವಿತೆ ಬರೆದರು. ಅದು ಸಿಡ್ನಿಯ ಪತ್ರಿಕೆಯಲ್ಲಿ ಡಿಸೆಂಬರ್ 13ರಂದು, ಗಲ್ಲಿಗೆ ಐದು ದಿನ ಮೊದಲು, ಅಚ್ಚಾಯಿತು. ಅಂದರೆ ಸಾಹಿತ್ಯ ಆಗಲೇ ಮಾತಾಡಿತ್ತು, ನಂತರದವರು ಅದನ್ನು ಪಕ್ಕಕ್ಕಿಟ್ಟರು. ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಈ ಪಕ್ಕಕ್ಕಿಡುವಿಕೆಯದು.

ನಾನು ಪತ್ರಿಕೆ ಸೇರಿದ ಹೊಸತರಲ್ಲಿ ಕರಡು ತಿದ್ದುವವರ ಮೇಜಿನಲ್ಲಿ ಕೂರುತ್ತಿದ್ದೆ. ಅಣೆಕಟ್ಟೊಂದರ ಬಗ್ಗೆ ಬಂದ ವರದಿಯಲ್ಲಿ "ಹಳ್ಳಿಗಳು ಮುಳುಗಡೆಯಾದವು" ಎಂದಿತ್ತು. ನಮ್ಮ ಹಿರಿಯ ಸಂಪಾದಕರು ಅದರಡಿ ಕೆಂಪು ಗೆರೆ ಎಳೆದು, "ಗೇಟು ಇಳಿಸಿದವರು ಯಾರು? ನೋಟೀಸಿಗೆ ಸಹಿ ಯಾರದು?" ಎಂದು ಅಂಚಿನಲ್ಲಿ ಬರೆದು ವರದಿಗಾರರಿಗೇ ಹಿಂದಿರುಗಿಸಿದರು. ಆತ ಆ ಊರಿಗೆ ಮತ್ತೆ ಹೋಗಿ ಬಂದು ಬರೆದದ್ದು ಬೇರೆಯೇ ವರದಿ. ಅದರಲ್ಲಿ ಆದೇಶದ ತಾರೀಖಿತ್ತು, ಪರಿಹಾರ ಸಿಗದವರ ಹೆಸರುಗಳಿದ್ದವು. ಅಂದಿನಿಂದ ಕರಡು ಕೈಗೆ ಬಂದರೆ ನನ್ನ ಕಣ್ಣು ಮೊದಲು ಕ್ರಿಯಾಪದಕ್ಕೇ ಹೋಗುತ್ತದೆ.

ಇನ್ನು "ದೂರವಾದರು" ಎಂಬ ಮಾತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1905ರ ಕಾಯ್ದೆಯೊಂದು ಮೂಲನಿವಾಸಿ ಮಕ್ಕಳಿಗೆ ಸರ್ಕಾರಿ ಅಧಿಕಾರಿಯನ್ನು ಕಾನೂನುಬದ್ಧ ಪೋಷಕನನ್ನಾಗಿ ಮಾಡಿತು. ಎ. ಓ. ನೆವಿಲ್ 1915ರಿಂದ 1940ರವರೆಗೆ ಆ ಕಾಯ್ದೆಯನ್ನು ಜಾರಿ ಮಾಡುತ್ತಿದ್ದ ಇಲಾಖೆಯನ್ನು ನಡೆಸಿದ. ಮಕ್ಕಳನ್ನು ಕೊಂಡೊಯ್ದದ್ದು ಕಡತ, ಸಹಿ ಮತ್ತು ಪೊಲೀಸರು. ನೂಂಗಾರ್ ಸಮುದಾಯದ ಕಿಮ್ ಸ್ಕಾಟ್ 1999ರ 'ಬೆನಾಂಗ್' ಕಾದಂಬರಿಯಲ್ಲಿ ಆ ಕಡತಗಳ ಭಾಷೆಯನ್ನೇ ಕಥೆಯೊಳಗೆ ತಂದರು. ತನ್ನ ವಂಶದ "ಮೊದಲ ಬಿಳಿಯ"ನಾಗಲೆಂದು ಅಜ್ಜ ಬೆಳೆಸಿದ ಹುಡುಗನೇ ಅಲ್ಲಿ ಆ ಕಾಗದಗಳನ್ನು ಓದಿ ತನ್ನವರನ್ನು ಹುಡುಕುತ್ತಾನೆ. ನೀವು ಈ ಕಾದಂಬರಿಯನ್ನು ಒಂದು ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದೀರಿ. ನಿಮ್ಮ ಲೇಖನದ ನಡುಮನೆ ಇದೇ ಆಗಬೇಕಿತ್ತು.

ಕೊನೆಯ ಸಾಲು, "ಇಂದು ಅವರ ಹಾಡು ಮಾತ್ರ ಉಳಿದಿದೆ", ಸಂಪೂರ್ಣ ಹೋಗಬೇಕು. 2021ರ ಜನಗಣತಿಯಲ್ಲಿ ತಾವು ಮೂಲನಿವಾಸಿಗಳೆಂದು ಬರೆಸಿದವರು ಎಂಟು ಲಕ್ಷಕ್ಕೂ ಹೆಚ್ಚು. ವಾನ್ಯಿ ಸಮುದಾಯದ ಅಲೆಕ್ಸಿಸ್ ರೈಟ್ ಅವರಿಗೆ ಅಲ್ಲಿನ ಪ್ರತಿಷ್ಠಿತ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ 2007ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಬಂದಿದೆ. ಬರೆಯುತ್ತಿರುವವರ ಬಗ್ಗೆ ಭೂತಕಾಲದಲ್ಲಿ ಶೋಕಗೀತೆ ಹಾಡುವುದು ಸಲ್ಲದು.

ಮೂರನೆಯ ಪುಟವನ್ನು ಹೊಸದಾಗಿ ಬರೆದು, ಪ್ರತಿ ಕ್ರಿಯೆಗೂ ಅದನ್ನು ಮಾಡಿದವರನ್ನು ಹೆಸರಿಸಿ ಕಳಿಸಿ. ಲೇಖನ ಇನ್ನೆರಡು ಪುಟ ಉದ್ದವಾದರೂ ಚಿಂತೆಯಿಲ್ಲ, ಜಾಗ ಮಾಡಿಕೊಡುತ್ತೇನೆ.

ಇಂತಿ,
ಸಂಪಾದಕ