ಪಾರಿವಾಳದ ಪ್ರೀತಿಯೋ, ಸಿಟ್ಟೋ?

ಪ್ರಶ್ನೆ: ನಮ್ಮ ಒಂಟಿ ಪಾರಿವಾಳ ನನ್ನ ಕೈ ಕಂಡರೆ ಕತ್ತು ಉಬ್ಬಿಸಿ ಗುಟುರ್‌ಗುಟುರ್ ಎನ್ನುತ್ತಾ ಸುತ್ತುತ್ತದೆ. ಗೂಡಿಗೆ ಕೈ ಹಾಕಿದರೆ ರೆಕ್ಕೆಯಿಂದ ಬಾರಿಸುತ್ತದೆ. ಏನಿದರ ಅರ್ಥ?
– ಓದುಗರು, ಚಿಂತಾಮಣಿ

ಉತ್ತರ: ಎರಡೂ ಉಂಟು. ತಲೆ ಬಾಗಿಸಿ, ಬಾಲ ಹರಡಿ ನೆಲಕ್ಕೆ ಎಳೆಯುತ್ತಾ ಸುತ್ತುವುದು ಜೋಡಿಯನ್ನು ಒಲಿಸುವ ಕುಣಿತ. ಹೆಚ್ಚಾಗಿ ಗಂಡಿನದು, ಆದರೆ ಒಂಟಿ ಹೆಣ್ಣೂ ಕುಣಿಯುವುದುಂಟು, ಇದೊಂದರಿಂದಲೇ ಗಂಡೆಂದು ತೀರ್ಮಾನಿಸಬೇಡಿ. ಬೆರಳ ಸಂದಿಗೆ ಕೊಕ್ಕು ತೂರಿಸಿದರೆ ಅದು ಮುತ್ತು. ಜೋಡಿಯಲ್ಲಿ ಹೆಣ್ಣು ಗಂಡಿನ ಬಾಯೊಳಗೆ ಕೊಕ್ಕಿಡುವುದೂ ಹೀಗೆಯೇ. ಗೂಡಿನ ಏಟು ಮಾತ್ರ ಜಾಗ ಕಾಯುವ ಸಿಟ್ಟು. ಅದು ಹೊರಗಿದ್ದಾಗ ಗೂಡು ಗುಡಿಸಿ.

ತಲೆ, ಕತ್ತು ಸವರಿ. ಬೆನ್ನು ಬೇಡ: ಕೂಡುವ ಆಸೆ ಕೆರಳಿ, ಹೆಣ್ಣಾದರೆ ಗಂಡಿಲ್ಲದೆಯೂ ಎರಡು ಮೊಟ್ಟೆ ಇಟ್ಟೀತು. ಅವನ್ನು ತಕ್ಷಣ ತೆಗೆದರೆ ಮತ್ತೆ ಇಟ್ಟು ಮೈಯ ಕ್ಯಾಲ್ಸಿಯಂ ಕಳೆದುಕೊಳ್ಳುತ್ತದೆ. ಸುಮಾರು 18 ದಿನ ಕಾವಿಗೆ ಬಿಡಿ. ಬೇಯಿಸಿದ ಕೋಳಿಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಬಟ್ಟಲಲ್ಲಿಡಿ.

ನಿಮ್ಮ ಕಡೆಯ ಡಿಸೆಂಬರ್ ಚಳಿಗೆ ಗರಿ ಉಬ್ಬಿಸುವುದು ಸಹಜ. ಬಿಸಿಲೇರಿದ ಮೇಲೂ ಹಾಗೆಯೇ ಮೂಲೆ ಹಿಡಿದು, ಕಾಳು ಮುಟ್ಟದಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಿ.