ಸೂಟ್‌ಕೇಸಿನ ಹತ್ತು ಮಾತ್ರೆ

ತಂಗಿ, ಇಂಗ್ಲೆಂಡಿನ ಲೆಸ್ಟರಿಗೆ ಬಂದು ಮೂರು ವಾರ ಆಯ್ತು, ಎರಡು ದಿನದಿಂದ ಒಂದಕ್ಕೆ ಹೋದರೆ ಉರಿ, ಅಮ್ಮ ಕಟ್ಟಿಕೊಟ್ಟ ನಾರ್‌ಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ ಇದೆ, ನುಂಗಲಾ ಅಕ್ಕಾ ಅಂತ ಕೇಳಿದ್ದೀಯ. ಜೊತೆಗೆ ರೂಮು, ಪಾರ್ಟ್‌ಟೈಮ್ ಕೆಲಸ, ಕುಕ್ಕರ್. ಕುಕ್ಕರ್ ಬೆಲ್‌ಗ್ರೇವ್ ರಸ್ತೆಯ ನಮ್ಮವರ ಅಂಗಡಿಗಳಲ್ಲಿ ಸಿಗುತ್ತೆ. ರೂಮು, ಕೆಲಸದ ಮಾತು ಆಮೇಲೆ ಆಡೋಣ.

ಮಾತ್ರೆ ಮಾತ್ರ ನುಂಗಬೇಡ.

ಇವತ್ತೇ ಹತ್ತಿರದ ಫಾರ್ಮಸಿಗೆ ಹೋಗು. 2024ರ ಜನವರಿ ಕೊನೆಯಿಂದ ಇಂಗ್ಲೆಂಡಿನಲ್ಲಿ ‘ಫಾರ್ಮಸಿ ಫಸ್ಟ್’ ಅಂತ ವ್ಯವಸ್ಥೆ ಇದೆ. 16ರಿಂದ 64 ವಯಸ್ಸಿನ, ಬಸುರಿಯಲ್ಲದ ಹೆಂಗಸರ ಮಾಮೂಲಿ ಉರಿಮೂತ್ರಕ್ಕೆ ಜಿಪಿ, ಅಂದರೆ ನಾವು ಹೆಸರು ಬರೆಸಿಕೊಳ್ಳೋ ಇಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಇಲ್ಲದೆ ಅವರೇ ಔಷಧ ಕೊಡಬಹುದು. ಎಲ್ಲರೆದುರು ಹೇಳಬೇಕಲ್ಲ ಅಂತ ಮುದುರಿಕೊಳ್ಳಬೇಡ, ಒಳಗೆ ಸಣ್ಣ ಕೋಣೆ ಇರುತ್ತೆ. ಮುಖ್ಯವಾಗಿ ಮೂರು ಕೇಳ್ತಾರೆ: ಹೋಗುವಾಗ ಉರಿಯೇ, ರಾತ್ರಿ ಹೊಸದಾಗಿ ಎದ್ದೆದ್ದು ಹೋಗ್ತಿದ್ದೀಯಾ, ಮೂತ್ರ ಮಬ್ಬಾಗಿದೆಯೇ. ಎರಡು ಹೌದಾದರೆ ಸಾಮಾನ್ಯವಾಗಿ ನೈಟ್ರೋಫುರಾಂಟಾಯಿನ್ 100 ಮಿಲಿಗ್ರಾಂ, ದಿನಕ್ಕೆರಡು, ಬರೀ ಮೂರು ದಿನ. ಊಟದ ಜೊತೆ ತಗೋ, ಇಲ್ಲದಿದ್ದರೆ ಹೊಟ್ಟೆ ತೊಳಸುತ್ತೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡ. ಖರ್ಚು ಹತ್ತು ಪೌಂಡಿನ ಒಳಗೆ. ಎರಡು ದಿನದಲ್ಲಿ ಕಡಿಮೆಯಾಗಲಿಲ್ಲ ಅಂದರೆ ಜಿಪಿ.

ಚಳಿ ಜ್ವರ, ಪಕ್ಕೆಯಲ್ಲೋ ಬೆನ್ನಲ್ಲೋ ನೋವು, ವಾಂತಿ ಇದ್ದರೆ ಫಾರ್ಮಸಿಗೆ ಹೋಗಿ ಕಾಲ ಕಳೆಯಬೇಡ, ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡು. ಮುಟ್ಟು ತಪ್ಪಿದ್ದರೆ ಅದನ್ನೂ ಮೊದಲೇ ಹೇಳು, ಆಗ ಲೆಕ್ಕವೇ ಬೇರೆ.

ನಾನು ಬಂದಿದ್ದು 2007ರ ಫೆಬ್ರವರಿ. ಸೂಟ್‌ಕೇಸಿನಲ್ಲಿ ಸಾರಿನಪುಡಿ ಡಬ್ಬಿಯ ಕೆಳಗೆ ಅದೇ ಹತ್ತು ಮಾತ್ರೆ. ಚಳಿಗೆ ನೀರೇ ಕುಡೀತಿರಲಿಲ್ಲ, ಕೆಲಸದ ಜಾಗದಲ್ಲಿ ಟಾಯ್ಲೆಟ್ ಎಲ್ಲಿ ಅಂತ ಕೇಳೋಕೂ ನಾಚಿಕೆ. ತಿಂಗಳೊಳಗೆ ಉರಿ ಶುರುವಾಯ್ತು. ನಾಲ್ಕು ನುಂಗಿದೆ, ಹೋಯ್ತು. ಆರು ಎತ್ತಿಟ್ಟೆ. ಇಲ್ಲಿನ ಡಾಕ್ಟರ ಹಂಗಿಲ್ಲದೆ ಗೆದ್ದೆ ಅಂತ ಜಂಬ ಬೇರೆ.

ವಾಸಿಯಾಗಿದ್ದೇ ಕೆಟ್ಟದ್ದಾಯ್ತು ನೋಡು. ತೀರ್ಥಹಳ್ಳಿಯಿಂದ ನನ್ನಮ್ಮ ಫೋನ್ ಮಾಡಿ “ಉಷ್ಣ ಆಗಿದೆ ಕಣೇ, ಉರಿ” ಅಂದಾಗೆಲ್ಲ ನಾನು “ಅದೇ ಮಾತ್ರೆ ತರಿಸಿಕೋ, ಎರಡು ದಿನ ಸಾಕು” ಅಂತಿದ್ದೆ. ನನ್ನ ತಮ್ಮ ಮೆಡಿಕಲ್ ಶಾಪಿನಿಂದ ತಂದುಕೊಡ್ತಿದ್ದ. ವರ್ಷಕ್ಕೆ ನಾಲ್ಕೈದು ಸಲ. ಫಾರಿನ್ನಿನಲ್ಲಿರೋ ಮಗಳು ಹೇಳಿದ್ದಾಳೆ ಅಂದಮೇಲೆ ಅಮ್ಮನಿಗೆ ಡಾಕ್ಟರ್ ಬೇಕಿರಲಿಲ್ಲ. ಅಷ್ಟು ಸಲ ಬಂತು ಅಂದರೇನೇ ಮೂತ್ರದ ಕಲ್ಚರ್ ಮಾಡಿಸಬೇಕು, ಅಂದರೆ ಯಾವ ಕ್ರಿಮಿ, ಅದಕ್ಕೆ ಯಾವ ಔಷಧ ನಾಟುತ್ತೆ ಅಂತ ನೋಡೋ ಪರೀಕ್ಷೆ. ನನಗೆ ಅದು ಹೊಳೆಯಲೇ ಇಲ್ಲ.

2016ರಲ್ಲಿ ಅಮ್ಮನಿಗೆ ನಡುಕದ ಜ್ವರ. ಆಗ ಕಲ್ಚರ್ ಮಾಡಿಸಿದರು, ತಮ್ಮ ರಿಪೋರ್ಟಿನ ಫೋಟೋ ಕಳಿಸಿದ. ನಾರ್‌ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್, ಅದರ ಕೆಳಗಿನವು, ಎಲ್ಲದರ ಮುಂದೂ ‘ರೆಸಿಸ್ಟೆಂಟ್’. ಆ ಕ್ರಿಮಿಗೆ ಅವು ಯಾವುವೂ ನಾಟುತ್ತಿರಲಿಲ್ಲ. ಕೊನೆಗೆ ದಿನಕ್ಕೊಂದು ಅಮಿಕಾಸಿನ್ ಇಂಜೆಕ್ಷನ್, ಏಳು ದಿನ, ಜೊತೆಗೆ ಕಿಡ್ನಿಗೆ ಏಟು ಬೀಳದಿರಲಿ ಅಂತ ರಕ್ತಪರೀಕ್ಷೆ. ತಮ್ಮ ರಜೆ ಹಾಕಿ ಕರೆದುಕೊಂಡು ಹೋಗ್ತಿದ್ದ. ನಾನು ಇಲ್ಲಿ ಕೂತು ಆ ಫೋಟೋ ದೊಡ್ಡದು ಮಾಡಿ ಮಾಡಿ ನೋಡ್ತಿದ್ದೆ. ನನ್ನ ಎರಡು ದಿನದ ಸಲಹೆಯಿಂದಲೇ ಹಾಗಾಯ್ತು ಅಂತ ಡಾಕ್ಟರ್ ಯಾರೂ ಹೇಳಲಿಲ್ಲ. ಹೇಳದೆ ಇದ್ದರೂ ನನಗೆ ಗೊತ್ತು.

ನಾರ್‌ಫ್ಲಾಕ್ಸಾಸಿನ್ ಗುಂಪಿನ ಔಷಧಗಳನ್ನು ಇಲ್ಲಿ ಈಗ ಬೇರೆ ಯಾವುದೂ ಆಗದಿದ್ದರೆ ಮಾತ್ರ ಬರೀತಾರೆ. ಸ್ನಾಯುರಜ್ಜು, ನರಕ್ಕೆ ಹಾನಿಯಾಗಬಹುದು ಅಂತ 2024ರ ಜನವರಿಯಲ್ಲಿ ಬಿಗಿ ಮಾಡಿದರು. ಊರಿನಲ್ಲಿ ಚಾಕಲೇಟಿನ ಹಾಗೆ ಸಿಗ್ತಿತ್ತಲ್ಲ.

ಬಾರ್ಲಿ ನೀರು, ಕೊತ್ತಂಬರಿ ಬೀಜದ ಕಷಾಯ ಕುಡಿ, ಬೇಡ ಅನ್ನಲ್ಲ, ನೀರು ಒಳಗೆ ಹೋದಷ್ಟೂ ಒಳ್ಳೇದೇ. ಆದರೆ ಸೂಪರ್‌ಮಾರ್ಕೆಟಿನಲ್ಲಿ ಬಾಟಲಿಯ ಮೇಲೆ ‘ಬಾರ್ಲಿ ವಾಟರ್’ ಅಂತಿರೋದು ಶರಬತ್ತು, ಮೋಸ ಹೋಗಬೇಡ; ಕಾಳು ತಂದು ಬೇಯಿಸು. ಜಿಪಿಯಲ್ಲಿ ಹೆಸರು ಬರೆಸಿಲ್ಲ ಅಂದಿದ್ದೀಯ, ಈ ವಾರವೇ ಬರೆಸು, ದುಡ್ಡು ಕೇಳಲ್ಲ.

ಫಾರ್ಮಸಿಗೆ ಹೋಗುವಾಗ ನಿನ್ನಮ್ಮ ಕೊಟ್ಟ ಆ ಮಾತ್ರೆನೂ ತಗೊಂಡು ಹೋಗು. ಬೇಡದ ಔಷಧ ಅವರು ವಾಪಸ್ ತಗೋತಾರೆ. ನಿನ್ನಮ್ಮನಿಗೆ ಹೇಳೋಕೆ ಬೇಜಾರಾದರೆ ನನ್ನ ನಂಬರ್ ಕೊಡು, ನಾನು ಮಾತಾಡ್ತೀನಿ.