‘ಡಮ್ಮಿ ಔಟ್‌ಪುಟ್’ ಅಂತ ಬರ್ತಿದೆ, ಸೌಂಡ್ ಇಲ್ಲ. ಉಬುಂಟು ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ಬೇಡ. ನಾಲ್ಕನೇ ಸಲ ಇನ್‌ಸ್ಟಾಲ್ ಮಾಡಬೇಡಿ.

ನೀವು ಕೇಳಿರುವುದು ಇಷ್ಟು. ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು ಉಬುಂಟು 24.04 (ಲಿನಕ್ಸ್‌ನ ಒಂದು ಬಗೆ) ಹಾಕಿದ್ದೀರಿ. ವೈಫೈ, ಸ್ಕ್ರೀನ್, ಟಚ್‌ಪ್ಯಾಡ್ ಎಲ್ಲ ಸರಿ ಇದೆ. ಸೌಂಡ್ ಮಾತ್ರ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಹೆಸರಿನ ಬದಲು ‘ಡಮ್ಮಿ ಔಟ್‌ಪುಟ್’ ಅಂತ ಇದೆ. ಮೂರು ಸಲ ಇನ್‌ಸ್ಟಾಲ್ ಮಾಡಿ ನೋಡಿದ್ದೀರಿ. ಡ್ರೈವರ್ ಎಲ್ಲಿಂದ ಡೌನ್‌ಲೋಡ್ ಮಾಡಬೇಕು, ಇಲ್ಲಾಂದ್ರೆ ವಿಂಡೋಸ್‌ಗೇ ವಾಪಸ್ ಹೋಗಬೇಕಾ ಅಂತ ಕೇಳುತ್ತಿದ್ದೀರಿ.

ಬೆಂಗಳೂರಿನ ಮನೆಯಲ್ಲಿ ನಲ್ಲಿಗೆ ನೀರು ಬರದಿದ್ದರೆ ಏನು ಮಾಡುತ್ತೀರಿ? ಸಂಪ್ ಮುಚ್ಚಳ ತೆಗೆದು ನೋಡುತ್ತೀರಿ. ಸಂಪ್‌ನಲ್ಲಿ ನೀರಿದ್ದರೆ ಮೋಟರ್ ನೋಡುತ್ತೀರಿ. ಮೋಟರ್ ಓಡುತ್ತಿದ್ದರೆ ಮೇಲೆ ಹತ್ತಿ ಟ್ಯಾಂಕ್, ವಾಲ್ವ್ ನೋಡುತ್ತೀರಿ. ಸುಮ್ನೆ ಮನೆಗೆಲ್ಲಾ ಹೊಸ ಪೈಪ್ ಹಾಕಿಸುವುದಿಲ್ಲ, ಅಲ್ವಾ? ಲಿನಕ್ಸ್ ಸೌಂಡ್ ಕೂಡ ಹಾಗೇ ನೋಡಬೇಕು. ಯಾವ ಹಂತದಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತಗಳು ಜಾಸ್ತಿ ಇಲ್ಲ. ಎಲ್ಲಕ್ಕಿಂತ ಕೆಳಗೆ ಸೌಂಡ್ ಚಿಪ್. ಅದರ ಮೇಲೆ ಕರ್ನಲ್‌ನೊಳಗಿನ ಡ್ರೈವರ್, ಅಂದರೆ ಆಲ್ಸಾ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಡ್ರೈವರ್ ಅಂದರೆ ಚಿಪ್ ಓಡಿಸುವ ಸಾಫ್ಟ್‌ವೇರ್). ಅದರ ಮೇಲೆ ಪೈಪ್‌ವೈರ್. ಬ್ರೌಸರ್, ವಿಡಿಯೊ ಪ್ಲೇಯರ್ ಎಲ್ಲದರ ಸದ್ದನ್ನೂ ಕಲೆಹಾಕಿ ಕೆಳಗೆ ಕಳಿಸುವುದು ಇದೇ. ಉಬುಂಟುವಿನಲ್ಲಿ 22.10ರಿಂದ ಇದು ಮೊದಲು ಇದೇ ಕೆಲಸ ಮಾಡುತ್ತಿದ್ದ ಪಲ್ಸ್‌ಆಡಿಯೋ ಜಾಗಕ್ಕೆ ಬಂತು. ಇನ್ನೊಂದು ಬಗೆಯ ಲಿನಕ್ಸ್ ಆದ ಫೆಡೋರಾದಲ್ಲಿ ಅದಕ್ಕೂ ಮೊದಲೇ, 2021ರಲ್ಲಿ 34ನೇ ಆವೃತ್ತಿಯಿಂದ. ಪೈಪ್‌ವೈರ್‌ಗೆ ಕೆಳಗೆ ಒಂದು ಸೌಂಡ್ ಕಾರ್ಡೂ (ಡ್ರೈವರ್ ಗುರುತಿಸಿದ ಚಿಪ್) ಸಿಗದಿದ್ದಾಗ ಸುಮ್ನೆ ನಿಲ್ಲುವ ಬದಲು ಒಂದು ಖಾಲಿ ಔಟ್‌ಪುಟ್ ಮಾಡಿಕೊಳ್ಳುತ್ತದೆ. ನಿಮ್ಮ ಡಮ್ಮಿ ಅದೇ. ಸದ್ದು ಅಲ್ಲಿಗೆ ಹೋಗಿ ಇಲ್ಲವಾಗುತ್ತದೆ. ಹಾಗಾಗಿ ನಿಮ್ಮ ತೊಂದರೆ ಹೆಚ್ಚಾಗಿ ಪೈಪ್‌ವೈರ್‌ನಲ್ಲಿ ಇಲ್ಲ, ಅದಕ್ಕಿಂತ ಕೆಳಗಿದೆ.

ಡ್ರೈವರ್ ಡೌನ್‌ಲೋಡ್ ವಿಚಾರ. ಲ್ಯಾಪ್‌ಟಾಪ್ ಕಂಪನಿ ಸೈಟಿನಲ್ಲಿ ಹುಡುಕಬೇಡಿ. ಲಿನಕ್ಸ್‌ನಲ್ಲಿ ಸೌಂಡ್ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ.

ಈಗ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗೆಯಿರಿ. ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆಯುತ್ತೇನೆ, ನೀವು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ. ಮೊದಲನೆಯದು ‘ಎಪ್ಲೇ’ (ಎ-ಪಿ-ಎಲ್-ಎ-ವೈ), ಒಂದು ಸ್ಪೇಸ್, ಅಡ್ಡಗೆರೆ (ಮೈನಸ್ ಚಿಹ್ನೆ), ‘ಎಲ್’. ಕರ್ನಲ್‌ಗೆ ಕಾಣುತ್ತಿರುವ ಕಾರ್ಡ್‌ಗಳ ಪಟ್ಟಿ ಬರುತ್ತದೆ. ‘ನೋ ಸೌಂಡ್‌ಕಾರ್ಡ್ಸ್ ಫೌಂಡ್’ ಅಂತ ಬಂದರೆ ಡ್ರೈವರ್ ಎದ್ದೇ ಇಲ್ಲ. ಡಮ್ಮಿ ಇರುವುದರಿಂದ ನಿಮಗೆ ಇದೇ ಬರುತ್ತದೆ ಅಂತ ನನ್ನ ಅಂದಾಜು. ಕಾರ್ಡ್ ಹೆಸರು ಬಂದರೆ ಬೇರೆ ದಾರಿ, ಅದನ್ನು ಕೆಳಗೆ ಹೇಳುತ್ತೇನೆ.

ಎರಡನೆಯದು ‘ಎಲ್‌ಎಸ್‌ಪಿಸಿಐ’, ಸ್ಪೇಸ್, ಅಡ್ಡಗೆರೆ, ‘ಕೆ’. ಉದ್ದ ಪಟ್ಟಿ ಬರುತ್ತದೆ, ಹೆದರಬೇಡಿ. ಅದರಲ್ಲಿ ‘ಆಡಿಯೋ’ ಅಂತ ಇರುವ ಸಾಲು ಹುಡುಕಿ. ಒಂದೂ ಇಲ್ಲದಿದ್ದರೆ, ಲ್ಯಾಪ್‌ಟಾಪ್ ಆನ್ ಮಾಡುವಾಗ ಸಿಗುವ ಸೆಟ್ಟಿಂಗ್ಸ್ ಆದ ಬಯೋಸ್‌ಗೆ ಹೋಗಿ ಆಡಿಯೋ ಆಫ್ ಆಗಿದೆಯಾ ನೋಡಿ. ಹಳೆಯ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಆಫ್ ಮಾಡಿಟ್ಟಿರುವುದುಂಟು. ಸಾಲು ಇದ್ದರೆ ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅಂತ ಇದೆಯಾ ನೋಡಿ. ಚಿಪ್ ಇದೆ, ಈ ಸಾಲು ಮಾತ್ರ ಇಲ್ಲ ಅಂದರೆ ಸಂಪ್‌ನಲ್ಲಿ ನೀರಿದೆ, ಮೋಟರ್ ಓಡುತ್ತಿಲ್ಲ.

ಮೋಟರ್ ಯಾಕೆ ಓಡುತ್ತಿಲ್ಲ ಅಂತ ಕರ್ನಲ್ಲೇ ಹೇಳುತ್ತದೆ. ‘ಸುಡೊ’ (ಎಸ್-ಯು-ಡಿ-ಒ, ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ), ಸ್ಪೇಸ್, ಆಮೇಲೆ ಡಿ-ಎಂ-ಇ-ಎಸ್-ಜಿ ಅಂತ ಐದು ಅಕ್ಷರ. ಬಂದದ್ದರಲ್ಲಿ ‘ಎಸ್‌ಎನ್‌ಡಿ’ ಅಥವಾ ‘ಎಸ್‌ಒಎಫ್’ ಇರುವ ಸಾಲುಗಳನ್ನು ನಿಧಾನವಾಗಿ ಓದಿ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಇಂಟೆಲ್‌ನ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸೌಂಡ್‌ಗೇ ಅಂತ ಒಂದು ಪುಟ್ಟ ಪ್ರೊಸೆಸರ್ ಇರುತ್ತದೆ. ಸ್ಕ್ರೀನ್ ಅಂಚಿನಲ್ಲಿರುವ ಡಿಜಿಟಲ್ ಮೈಕ್ ಅದಕ್ಕೇ ಸೇರಿರುತ್ತದೆ. ಆ ಪ್ರೊಸೆಸರ್ ಏಳಬೇಕಾದರೆ ಡ್ರೈವರ್ ಒಂದೇ ಸಾಲದು, ಫರ್ಮ್‌ವೇರ್ ಫೈಲ್ (ಆ ಪ್ರೊಸೆಸರ್‌ನೊಳಗೇ ಓಡುವ ಸಾಫ್ಟ್‌ವೇರ್) ಕೂಡ ಬೇಕು. ‘ಸೌಂಡ್ ಓಪನ್ ಫರ್ಮ್‌ವೇರ್’ (ಎಸ್‌ಒಎಫ್) ಅನ್ನುವುದು ಇದನ್ನೇ. 2018ರಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಶುರುವಾದ ಯೋಜನೆ. ಡಿಸ್ಕ್‌ನಲ್ಲಿ ಆ ಫೈಲ್ ಇಲ್ಲದಿದ್ದರೆ ‘ಫರ್ಮ್‌ವೇರ್ ಲೋಡ್ ಆಗಲಿಲ್ಲ’ ಅನ್ನುವ ಅರ್ಥದ ಸಾಲು ಬರುತ್ತದೆ, ಕಾರ್ಡ್ ಹುಟ್ಟುವುದೇ ಇಲ್ಲ. ಆಗ ‘ಫರ್ಮ್‌ವೇರ್-ಸಾಫ್-ಸೈನ್ಡ್’ (ಸಾಫ್ ಅಂದರೆ ಎಸ್-ಒ-ಎಫ್) ಅನ್ನುವ ಪ್ಯಾಕೇಜ್ ಹಾಕಿ. ಫೆಡೋರಾದಲ್ಲಿ ಅದರ ಹೆಸರು ‘ಆಲ್ಸಾ-ಸಾಫ್-ಫರ್ಮ್‌ವೇರ್’. ಹಾಕಿದ ಮೇಲೆ ಪೂರ್ತಿ ಶಟ್‌ಡೌನ್ ಮಾಡಿ ಆನ್ ಮಾಡಿ.

ಫರ್ಮ್‌ವೇರ್ ಇದ್ದೂ ಆಗದಿದ್ದರೆ ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಪ್ಯಾಕೇಜ್ ಇದೆಯಾ ನೋಡಿ. ನೀವು ಓಡಿಸುತ್ತಿರುವ ಕರ್ನಲ್‌ನ ಅಂಕಿಯೇ ಅದಕ್ಕೂ ಇರಬೇಕು. ಅಂಕಿ ಗೊತ್ತಾಗಲು ‘ಯುನೇಮ್’ (ಯು-ಎನ್-ಎ-ಎಂ-ಇ), ಸ್ಪೇಸ್, ಅಡ್ಡಗೆರೆ, ‘ಆರ್’. ಉಬುಂಟುವಿನಲ್ಲಿ ಸೌಂಡ್ ಡ್ರೈವರ್‌ಗಳು ಈ ಪ್ಯಾಕೇಜ್‌ನಲ್ಲಿರುತ್ತವೆ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದರೆ ಇದೊಂದೇ ತಪ್ಪಿ ಹೋಗಿರಬಹುದು.

ಕೊನೆಯ ಉಪಾಯ ಒಂದಿದೆ. ‘ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ’ ಮಾಡ್ಯೂಲ್‌ಗೆ (ಕರ್ನಲ್‌ನ ಒಂದು ತುಂಡು) ‘ಡಿಎಸ್‌ಪಿ ಅಂಡರ್‌ಸ್ಕೋರ್ ಡ್ರೈವರ್’ ಬೆಲೆ 1 ಅಂತ ಕೊಟ್ಟರೆ ಹಳೆಯ ಡ್ರೈವರ್ ಬರುತ್ತದೆ. ಸ್ಪೀಕರ್ ಮಾತಾಡಬಹುದು, ಆದರೆ ಒಳಗಿನ ಡಿಜಿಟಲ್ ಮೈಕ್ ಹೋಗುತ್ತದೆ. ಮೀಟಿಂಗ್, ಆನ್‌ಲೈನ್ ಕ್ಲಾಸ್ ಇರುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಇನ್ನು, ಮೊದಲನೇ ಕಮಾಂಡ್‌ಗೆ ಕಾರ್ಡ್ ಹೆಸರು ಬಂದರೆ? ಆಗ ‘ಆಲ್ಸಾಮಿಕ್ಸರ್’ ಕಮಾಂಡ್, ಅದು ಕಾರ್ಡ್‌ನ ವಾಲ್ಯೂಮ್‌ಗಳನ್ನು ಕಂಬಗಳಾಗಿ ತೋರಿಸುತ್ತದೆ. ಇದನ್ನು ನಾನು ಕಲಿತದ್ದು ಅಮ್ಮನ ಲ್ಯಾಪ್‌ಟಾಪ್‌ನಿಂದ. ನಮ್ಮ ಮನೆ ಹನುಮಂತನಗರದಲ್ಲಿ. ಅಮ್ಮ ಬೆಳಿಗ್ಗೆ ತರಕಾರಿ ಹೆಚ್ಚುತ್ತಾ ಅದರಲ್ಲಿ ಆಕಾಶವಾಣಿ ಕೇಳುತ್ತಾರೆ. ಒಂದು ದಿನ ಸದ್ದು ನಿಂತಿತು. ನಾನೂ ನಿಮ್ಮ ಹಾಗೇ ಮಾಡಿದೆ. ರಾತ್ರಿ ಎರಡು ಗಂಟೆವರೆಗೆ ಕೂತು ಎಲ್ಲಾ ಅಳಿಸಿ ಹೊಸದಾಗಿ ಹಾಕಿದೆ. ಅಮ್ಮನ ಹಳೆಯ ಫೋಟೋಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿದ್ದರಿಂದ ಉಳಿದವು. ಸದ್ದು ಮಾತ್ರ ಬರಲಿಲ್ಲ.

ಬೆಳಿಗ್ಗೆ ಆಲ್ಸಾಮಿಕ್ಸರ್ ತೆಗೆದೆ. ಕಪ್ಪು ಪರದೆ, ಒಂದೇ ಒಂದು ಕಂಬ, ವಾಲ್ಯೂಮ್ ತುಂಬಿತ್ತು. ಎಲ್ಲಾ ಸರಿ ಇದೆಯಲ್ಲ ಅನ್ನಿಸಿತು. ಆದರೆ ಅದು ಪೈಪ್‌ವೈರ್ ತೋರಿಸುವ ಮೇಲಿನ ನೋಟ ಅಷ್ಟೇ. ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿದಾಗ ಕಂಬಗಳ ಸಾಲೇ ಬಂತು: ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಪಿಸಿಎಂ. ಸ್ಪೀಕರ್ ಕಂಬದ ಬುಡದಲ್ಲಿ ‘ಎಂಎಂ’ ಅಂತ ಇತ್ತು. ಅಂದರೆ ಮ್ಯೂಟ್. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ‘ಎಂ’ ಒತ್ತಿದೆ. ಎಂಎಂ ಹೋಗಿ ಎರಡು ಸೊನ್ನೆ ಬಂತು, ಅಡುಗೆಮನೆಯಲ್ಲಿ ರೇಡಿಯೋ ಮಾತಾಡಿತು. ಸ್ವಲ್ಪ ಹೊತ್ತಿಗೆ ಮತ್ತೆ ಎಂಎಂ.

ಆಗ ಗೊತ್ತಾಯಿತು, ಒಳಗಿನಿಂದ ಯಾವುದೋ ಮ್ಯೂಟ್ ಮಾಡುತ್ತಿದೆ ಅಂತ. ಇಯರ್‌ಫೋನ್ ಚುಚ್ಚಿದರೆ ಸ್ಪೀಕರ್ ತಾನಾಗಿ ನಿಲ್ಲುತ್ತದಲ್ವಾ, ಅದಕ್ಕೊಂದು ಸೆನ್ಸರ್ ಇರುತ್ತದೆ. ಆ ತೂತಿನೊಳಗೆ ಧೂಳು ಕೂತಿತ್ತು. ಕಂಪ್ಯೂಟರ್ ಇಯರ್‌ಫೋನ್ ಹಾಕಿದೆ ಅಂತಲೇ ತಿಳಿದಿತ್ತು. ಇಯರ್‌ಫೋನ್ ಪಿನ್ ಹತ್ತು ಹದಿನೈದು ಸಲ ಹಾಕಿ ತೆಗೆದೆ, ಸರಿ ಹೋಯಿತು. ನೂರು ಸಲ ಇನ್‌ಸ್ಟಾಲ್ ಮಾಡಿದ್ದರೂ ಆ ಧೂಳು ಹೋಗುತ್ತಿರಲಿಲ್ಲ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿರುವುದು.

ಕಾರ್ಡ್ ಇದೆ, ಮ್ಯೂಟ್ ಇಲ್ಲ, ಆದರೂ ಸದ್ದಿಲ್ಲ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಎಚ್‌ಡಿಎಂಐಗೆ ಹೋಗಿದೆಯಾ ನೋಡಿ. ಟಿವಿಗೆ ಒಮ್ಮೆ ಜೋಡಿಸಿದ್ದರೆ ಹೀಗಾಗುತ್ತದೆ. ಅದೂ ಅಲ್ಲದಿದ್ದರೆ ‘ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್’ ಅಂತ ಬರೆದು ಪೈಪ್‌ವೈರ್, ಅದರ ಜೊತೆಗಾರ ವೈರ್‌ಪ್ಲಂಬರ್ ಎರಡನ್ನೂ ಮತ್ತೆ ಶುರು ಮಾಡಿ. ಇದಕ್ಕೆ ಸುಡೊ ಹಾಕಬಾರದು.

ಒಂದೇ ಯಂತ್ರದಲ್ಲಿ ವಿಂಡೋಸ್ ಕೂಡ ಇಟ್ಟಿದ್ದರೆ ಅದರ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗುವುದಿಲ್ಲ, ಚಿಪ್ ಅರ್ಧ ನಿದ್ದೆಯಲ್ಲೇ ಲಿನಕ್ಸ್ ಕೈಗೆ ಬರಬಹುದು.

ಹುಡುಕುವಾಗ ಎಷ್ಟೋ ವರ್ಷ ಹಳೆಯ ಸಲಹೆಗಳೂ ಸಿಗುತ್ತವೆ. ‘ಪಲ್ಸ್‌ಆಡಿಯೋ ತೆಗೆದು ಹಾಕಿ’, ‘ನಿಮ್ಮನ್ನು ಆಡಿಯೋ ಗುಂಪಿಗೆ ಸೇರಿಸಿ’ ಅಂತೆಲ್ಲ. 24.04ರಲ್ಲಿ ಅವು ಬೇಕಿಲ್ಲ. ಪ್ಯಾಕೇಜ್ ಕಿತ್ತು ಹಾಕುವ ಸಲಹೆಯಂತೂ ಅಪಾಯ, ಡೆಸ್ಕ್‌ಟಾಪ್‌ನ ಭಾಗಗಳೂ ಅದರ ಜೊತೆ ಹೋಗಬಹುದು.

ಎಸ್‌.ಪಿ. ರೋಡ್ ಕಡೆ ಮತ್ತೆ ಹೋದರೆ ಒಂದು ಯುಎಸ್‌ಬಿ ಸೌಂಡ್ ಡಾಂಗಲ್ ತನ್ನಿ. ಬೆಲೆ ಕಡಿಮೆ, ಸಾಮಾನ್ಯವಾಗಿ ಡ್ರೈವರ್ ಹಾಕುವ ಗೋಜಿಲ್ಲ. ಅದರಲ್ಲಿ ಸದ್ದು ಬಂದರೆ ಪೈಪ್‌ವೈರ್‌ನಿಂದ ಮೇಲಿನದೆಲ್ಲ ಸರಿ ಇದೆ ಅಂತ ಖಾತ್ರಿ. ತೊಂದರೆ ತೀರುವವರೆಗೆ ಕೆಲಸವೂ ನಡೆಯುತ್ತದೆ. ಮುಂದೆ ಯಾರಾದರೂ ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಕರೆದುಕೊಂಡು ಹೋದರೆ ಉಬುಂಟು ಹಾಕಿದ ಪೆನ್‌ಡ್ರೈವ್ ಜೇಬಲ್ಲಿರಲಿ. ದುಡ್ಡು ಕೊಡುವ ಮೊದಲೇ ಅದರಿಂದ ಬೂಟ್ ಮಾಡಿ ಸೌಂಡ್ ಕೇಳಿ ನೋಡಬಹುದು.

ಇಷ್ಟಾದರೂ ಆಗಲಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಕರ್ನಲ್‌ನಲ್ಲಿ ರಿಯಲ್‌ಟೆಕ್ ಚಿಪ್‌ಗಳ ಡ್ರೈವರ್ ಒಳಗೆ ಒಂದು ಉದ್ದ ಪಟ್ಟಿ ಇದೆ. ಇಂಥ ಮಾಡೆಲ್‌ಗೆ ಇಂಥ ರಿಪೇರಿ ಅಂತ ಒಂದೊಂದು ಸಾಲು. ಅಂಥ ಸಾಲುಗಳು ಬರುವುದು ಆ ಲ್ಯಾಪ್‌ಟಾಪ್ ಇಟ್ಟುಕೊಂಡವರು ತೊಂದರೆ ಬರೆದು ಕಳಿಸುವುದರಿಂದ. ನಿಮ್ಮ ಮಾಡೆಲ್ ಅದರಲ್ಲಿ ಇಲ್ಲದಿದ್ದರೆ ಸೇರಿಸಬಹುದು, ವರದಿ ಬರೆಯಲು ನಾನು ಜೊತೆಗಿರುತ್ತೇನೆ.

ಈಗ ಇಷ್ಟು ಮಾಡಿ. ಮೊದಲ ಎರಡು ಕಮಾಂಡ್‌ಗೆ ಬಂದ ಉತ್ತರ, ಮೂರನೆಯದರಲ್ಲಿ ಎಸ್‌ಎನ್‌ಡಿ, ಎಸ್‌ಒಎಫ್ ಇರುವ ಸಾಲುಗಳು, ಲ್ಯಾಪ್‌ಟಾಪ್ ಮಾಡೆಲ್, ಕರ್ನಲ್ ಅಂಕಿ ಇವನ್ನು ಇಲ್ಲೇ ಕೆಳಗೆ ಹಾಕಿ. ಫೋಟೋ ಬೇಡ, ಅಕ್ಷರವನ್ನೇ ಕಾಪಿ ಮಾಡಿ ಹಾಕಿ. ಸಂಜೆ ಕೆಲಸ ಮುಗಿಸಿ ಬಂದು ನೋಡುತ್ತೇನೆ.